ಉಪ್ಪುನೀರು, ಕಾರ್ಬನ್ ಡೈಆಕ್ಸೈಡ್, ಪೈಪ್‌ಲೈನ್ ಉಕ್ಕು: ಬೆಸುಗೆ ಮೊದಲು ಸವೆಯುವುದೇಕೆ?

ಒಣ ಕಾರ್ಬನ್ ಡೈಆಕ್ಸೈಡ್ ಉಕ್ಕನ್ನು ತಿನ್ನುವುದಿಲ್ಲ. ನೀರಿನಲ್ಲಿ ಕರಗಿ ಕಾರ್ಬಾನಿಕ್ ಆಮ್ಲವಾದ ಮೇಲೆಯೇ ತೊಂದರೆ ಶುರು. ಅದು ದುರ್ಬಲ ಆಮ್ಲವೇ ಸರಿ, ಆದರೆ ಹೈಡ್ರೋಜನ್ ಅಯಾನು ಖರ್ಚಾದಂತೆಲ್ಲ ಹೊಸದನ್ನು ಒದಗಿಸುತ್ತಲೇ ಇರುತ್ತದೆ. ಅದಕ್ಕೇ ಅಷ್ಟೇ ಪಿಎಚ್ ಇರುವ ಹೈಡ್ರೋಕ್ಲೋರಿಕ್ ಆಮ್ಲಕ್ಕಿಂತ ಇದರಲ್ಲಿ ಸವೆತ ಹೆಚ್ಚು. ಉಪ್ಪಿನಿಂದ ನೀರಿನ ವಾಹಕತೆ ಏರುತ್ತದೆ. ಬೆಸುಗೆಗೂ ಪಕ್ಕದ ಉಕ್ಕಿಗೂ ನಡುವೆ ಕರೆಂಟ್ ಸಲೀಸಾಗಿ ಹರಿಯುತ್ತದೆ.

ವಿದ್ಯಾರ್ಥಿಗಳು ಹೆಚ್ಚಾಗಿ ಎಡವುವುದು ವಿಸ್ತೀರ್ಣದ ಲೆಕ್ಕದಲ್ಲಿ. ಬೆಸುಗೆ ಆನೋಡ್ ಆಗಿ, ಅಂದರೆ ಲೋಹ ಕರಗುವ ಭಾಗವಾಗಿ, 20 ಮೈಕ್ರೋಆಂಪಿಯರ್ ಹೊರಬಿಟ್ಟಿತು ಎನ್ನಿ. ಕಬ್ಬಿಣಕ್ಕೆ ಚದರ ಸೆಂಟಿಮೀಟರಿಗೆ 1 ಮೈಕ್ರೋಆಂಪಿಯರ್ ಎಂದರೆ ವರ್ಷಕ್ಕೆ 0.0116 ಮಿ.ಮೀ. ಸವೆತ. ಬೆಸುಗೆ 1 ಚದರ ಸೆಂ.ಮೀ. ಇದ್ದರೆ ವರ್ಷಕ್ಕೆ 0.23 ಮಿ.ಮೀ. ಹೆಚ್ಚುವರಿ ಸವೆತ, ಅದೇ ಕರೆಂಟ್ 10 ಚದರ ಸೆಂ.ಮೀ. ಮೂಲ ಉಕ್ಕಿನಿಂದ (ಪೈಪಿನದೇ ಉಕ್ಕು) ಹೊರಟಿದ್ದರೆ ಬರೀ 0.023. ಬೆಸುಗೆ ಕಿರಿದು, ಪೈಪು ವಿಶಾಲ. ಅಪಾಯವೆಲ್ಲ ಇದರಲ್ಲೇ ಇದೆ.

ಈ ಕರೆಂಟನ್ನು ಅಳೆಯುವ ಪ್ರಯೋಗಕ್ಕೆ ಬೆಸುಗೆಯ ಅಡ್ಡಸೀಳನ್ನು ಪಾಲಿಶ್ ಮಾಡಿ 2% ನೈಟಾಲ್ (ಆಲ್ಕೋಹಾಲ್ ಬೆರೆಸಿದ ನೈಟ್ರಿಕ್ ಆಮ್ಲ) ಹಚ್ಚಿ. ಬೆಸುಗೆ, ಬಿಸಿ ತಟ್ಟಿದ ವಲಯ, ಮೂಲ ಉಕ್ಕು ಮೂರರ ಗಡಿಯೂ ಕಣ್ಣಿಗೆ ಕಾಣುತ್ತದೆ. ಗಡಿ ನೋಡಿಯೇ ಕತ್ತರಿಸಿ, ಅಂದಾಜಿನ ಮೇಲೆ ಬೇಡ. ಪ್ರತಿ ತುಂಡಿಗೂ ವೈರ್ ಬೆಸೆದು, ಒಂದಕ್ಕೊಂದು ತಾಗದಂತೆ ಎಪಾಕ್ಸಿಯಲ್ಲಿ ಕೂರಿಸಿ, 600 ಗ್ರಿಟ್‌ವರೆಗೆ ಉಜ್ಜಿ. ಎಪಾಕ್ಸಿ ಅಂಚಿನಲ್ಲಿ ಕೂದಲೆಳೆಯಷ್ಟು ಸಂದಿ ಉಳಿದರೂ ಅಲ್ಲೇ ಕೊರೆತ ಶುರುವಾಗಿ ಅಳತೆ ಹಾಳಾಗುತ್ತದೆ.

ದ್ರಾವಣಕ್ಕೆ 35 ಗ್ರಾಂ ಶುದ್ಧ ಸೋಡಿಯಂ ಕ್ಲೋರೈಡ್, 965 ಗ್ರಾಂ ಡಿಸ್ಟಿಲ್ಡ್ ವಾಟರ್. ಅಡುಗೆ ಉಪ್ಪು ಬೇಡ, ಅದರಲ್ಲಿ ಅಯೋಡೇಟ್ ಇರುತ್ತದೆ. ಮಂಡ್ಯ ಕಡೆಯ ಗಡಸು ಬೋರ್‌ವೆಲ್ ನೀರೂ ಬೇಡ. ಅದರಲ್ಲಿನ ಬೈಕಾರ್ಬೊನೇಟ್ ಪಿಎಚ್ ಏರಿಸಿಬಿಡುತ್ತದೆ. ಪಿಎಚ್ ಸುಮಾರು 4ಕ್ಕೆ ಇಳಿದು ನಿಲ್ಲುವವರೆಗೆ ಕಾರ್ಬನ್ ಡೈಆಕ್ಸೈಡ್ ಗ್ಯಾಸ್ ಬಿಡಿ. ತುಂಡುಗಳನ್ನು ಇಳಿಸಿದ ಮೇಲೂ ಗ್ಯಾಸ್ ನಿಲ್ಲಿಸಬೇಡಿ, ಆಮ್ಲಜನಕ ಒಳನುಗ್ಗುತ್ತದೆ.

ಮೈಸೂರಿನಲ್ಲಿ ಪ್ರಯೋಗ ಮಾಡುವವರು ಇದನ್ನು ಮರೆಯಬಾರದು. ಊರು ಸಮುದ್ರಮಟ್ಟದಿಂದ ಸುಮಾರು 770 ಮೀಟರ್ ಎತ್ತರದಲ್ಲಿದೆ, ವಾಯುಒತ್ತಡ ಸುಮಾರು 0.92 ಬಾರ್. ನೀರಾವಿಯ ಪಾಲು ಕಳೆದರೆ ತೆರೆದ ಸೆಲ್‌ನಲ್ಲಿ ಕಾರ್ಬನ್ ಡೈಆಕ್ಸೈಡ್‌ಗೆ ಉಳಿಯುವುದು 25 ಡಿಗ್ರಿಯಲ್ಲಿ 0.89 ಬಾರ್, 60 ಡಿಗ್ರಿಯಲ್ಲಿ 0.72 ಮಾತ್ರ. ವರದಿಯಲ್ಲಿ ‘1 ಬಾರ್’ ಎಂದು ಬರೆದರೆ ಅದು ತಪ್ಪು.

ಮೂರು ತುಂಡುಗಳನ್ನೂ ಝೀರೋ ರೆಸಿಸ್ಟೆನ್ಸ್ ಅಮ್ಮೀಟರ್ (ತನ್ನ ರೋಧ ಸೇರಿಸದೆ ಕರೆಂಟ್ ಅಳೆಯುವ ಉಪಕರಣ) ಮೂಲಕ ಜೋಡಿಸಿ, ಕರೆಂಟಿನ ಪ್ರಮಾಣದ ಜೊತೆಗೆ ಚಿಹ್ನೆಯನ್ನೂ (ಪ್ಲಸ್ಸೋ ಮೈನಸ್ಸೋ) ಗುರುತಿಸಿ, ಯಾವ ತುಂಡು ಆನೋಡ್ ಎಂದು ಹೇಳುವುದು ಅದೇ. ಇನ್‌ಹಿಬಿಟರ್ (ಸವೆತ ತಡೆಯುವ ರಾಸಾಯನಿಕ) ಹಾಕಿದ ಮೇಲಂತೂ ಇದು ಕಡ್ಡಾಯ. ಡೋಸ್ ಸಾಲದಿದ್ದರೆ ಮೂಲ ಉಕ್ಕಿಗೆ ರಕ್ಷಣೆ ಸಿಕ್ಕಿ ಬೆಸುಗೆ ಬೆತ್ತಲೆಯಾಗಿ ಉಳಿಯಬಹುದು. ಆಗ ಅದುವರೆಗೆ ಕ್ಯಾಥೋಡ್ (ಸವೆತದಿಂದ ಪಾರಾಗುವ ಭಾಗ) ಆಗಿದ್ದ ಬೆಸುಗೆಯೇ ಆನೋಡ್ ಆಗಿ ತಿರುಗುತ್ತದೆ. ಒಟ್ಟು ತೂಕನಷ್ಟ ಕಡಿಮೆಯೇ ಕಾಣುತ್ತದೆ, ಆದರೆ ಬೆಸುಗೆಯ ಉದ್ದಕ್ಕೂ ಕಾಲುವೆಯಂತೆ ಕೊರೆತ ಇಳಿದಿರುತ್ತದೆ.