ಟ್ಯಾಕ್ಸಿಯಿಂಗ್: ಹಿಮ ಬಿದ್ದ ನೆಲದಲ್ಲಿ ವಿಮಾನದ ನಡಿಗೆ

ವಿಮಾನ ತನ್ನದೇ ಎಂಜಿನ್ ಬಲದಿಂದ ನೆಲದ ಮೇಲೆ ಸಾಗುವುದಕ್ಕೆ ಟ್ಯಾಕ್ಸಿಯಿಂಗ್ ಎನ್ನುತ್ತಾರೆ. ನಿಲುಗಡೆಗೂ ರನ್‌ವೇಗೂ ನಡುವಿನ ದಾರಿಯೇ ಟ್ಯಾಕ್ಸಿವೇ. ಕಾರಿನಲ್ಲಿ ಎಂಜಿನ್ ಚಕ್ರವನ್ನು ತಿರುಗಿಸುತ್ತದೆ. ವಿಮಾನದ ಚಕ್ರಗಳು ಬರೀ ಉರುಳುತ್ತವೆ, ಮುಂದಕ್ಕೆ ನೂಕುವುದು ಎಂಜಿನ್ ಹಿಂದಕ್ಕೆ ಚಿಮ್ಮುವ ಗಾಳಿ. ಹಾಗಾಗಿ ನೆಲ ಎಷ್ಟೇ ಜಾರಲಿ, ವಿಮಾನ ಮುಂದೆ ಹೋಗುತ್ತಲೇ ಇರುತ್ತದೆ. ತಿರುಗಲು ಮತ್ತು ನಿಲ್ಲಲು ಮಾತ್ರ ಟೈರಿನ ಹಿಡಿತ ಬೇಕು. ಚಳಿಗಾಲದ ಟ್ಯಾಕ್ಸಿಯಿಂಗ್‌ನ ಕಷ್ಟಗಳಲ್ಲಿ ಹೆಚ್ಚಿನವು ಹುಟ್ಟುವುದು ಇಲ್ಲಿಂದಲೇ.

ಹಿಮ ಬಿದ್ದಾಗ ಮೊದಲು ತೆರವುಗೊಳಿಸುವುದು ರನ್‌ವೇಯನ್ನು. ಅದರ ಸ್ಥಿತಿಯನ್ನು 6ರಿಂದ 0ವರೆಗಿನ ಅಂಕಿಯಲ್ಲಿ ತಿಳಿಸುವ ಅಂತರರಾಷ್ಟ್ರೀಯ ಪದ್ಧತಿ 2021ರ ನವೆಂಬರ್‌ನಿಂದ ಜಾರಿಯಲ್ಲಿದೆ. 6 ಎಂದರೆ ಒಣನೆಲ, 0 ಎಂದರೆ ಬ್ರೇಕ್ ಹಿಡಿಯುವುದೇ ಅನುಮಾನ. ಟ್ಯಾಕ್ಸಿವೇಗೆ ಈ ಅಂಕಿಯ ಭಾಗ್ಯವಿಲ್ಲ, ತೀರಾ ಕೆಟ್ಟಿದ್ದರೆ ‘ಕಳಪೆ’ ಎಂಬ ಒಂದು ಮಾತಷ್ಟೇ ಬರುತ್ತದೆ. ರನ್‌ವೇಗೆ 5 ಬಂದಿದೆಯೆಂದು ಟ್ಯಾಕ್ಸಿವೇಯನ್ನೂ ನಂಬಿದರೆ ಕೆಟ್ಟಂತೆ. ಇನ್ನೊಂದು ಮಾತು: ಮೈನಸ್ 20 ಡಿಗ್ರಿಯ ಗಟ್ಟಿ ಮಂಜುಗಡ್ಡೆಗಿಂತ ಸೊನ್ನೆಯ ಆಸುಪಾಸಿನಲ್ಲಿ ಮೇಲ್ಪದರ ಕರಗಿ ಒದ್ದೆಯಾದ ಮಂಜುಗಡ್ಡೆ ಹೆಚ್ಚು ಜಾರುತ್ತದೆ.

ತಿರುವಿನಲ್ಲಿ ಆಗುವುದನ್ನು ಹತ್ತಿರದಿಂದ ನೋಡಿ. ವಿಮಾನದ ತೂಕದಲ್ಲಿ ಹತ್ತನೇ ಒಂದು ಪಾಲಿನಷ್ಟು ಮಾತ್ರ ಮುಂದಿನ ಚಕ್ರದ ಮೇಲಿರುತ್ತದೆ. ಪೈಲಟ್ ಟಿಲ್ಲರ್ ಎಂಬ ಹಿಡಿಕೆ ತಿರುಗಿಸಿದಾಗ ಚಕ್ರವೇನೋ ಓರೆಯಾಗುತ್ತದೆ, ಆದರೆ ವಿಮಾನ ನೇರಕ್ಕೇ ಜಾರುತ್ತದೆ. ಆಗ ಇನ್ನಷ್ಟು ತಿರುಗಿಸಬೇಕೆಂದು ಕೈ ತವಕಿಸುತ್ತದೆ. ಮಾಡಬೇಕಾದದ್ದು ತದ್ವಿರುದ್ಧ: ಟಿಲ್ಲರನ್ನು ಸಡಿಲಿಸಿ, ಚಕ್ರ ಮತ್ತೆ ಉರುಳಿ ಹಿಡಿತ ಸಿಕ್ಕ ಮೇಲೆ ಮೆಲ್ಲಗೆ ತಿರುಗಿಸಬೇಕು. ಒಣನೆಲದಲ್ಲಿ ನೇರ ದಾರಿಗೆ 20 ನಾಟ್ ದಾಟಿದರೂ ನಡೆಯುತ್ತದೆ, ತಿರುವಿಗೆ 10 ನಾಟ್, ಅಂದರೆ ಗಂಟೆಗೆ ಸುಮಾರು 18.5 ಕಿ.ಮೀ. ಸಾಕು. ಹಿಮದಲ್ಲಿ ತಿರುವಿನ ವೇಗ ಇನ್ನೂ ಇಳಿಯಬೇಕು, ಅದೂ ತಿರುವಿಗೆ ಮೊದಲೇ, ವಿಮಾನ ನೇರವಾಗಿರುವಾಗಲೇ. ಚಕ್ರ ಕಚ್ಚಿಕೊಳ್ಳದಂತೆ ಕಾಯುವ ಆಂಟಿ-ಸ್ಕಿಡ್ ವ್ಯವಸ್ಥೆ ನಿಧಾನ ವೇಗದಲ್ಲಿ ಕೆಲಸ ಮಾಡುವುದಿಲ್ಲ ಎಂಬುದೂ ನೆನಪಿರಲಿ.

ನೀರು ಕುಡಿದ ಹಿಮಕ್ಕೆ ಸ್ಲಶ್ ಎನ್ನುತ್ತಾರೆ. ಚಕ್ರದಿಂದ ಎರಚಿದ ಸ್ಲಶ್ ರೆಕ್ಕೆಯ ಫ್ಲ್ಯಾಪ್‌ಗಳ (ಹಿಂಬದಿಯಲ್ಲಿ ಚಾಚಿಕೊಳ್ಳುವ ಹಲಗೆಗಳ) ಸಂದಿಯಲ್ಲಿ ಹೆಪ್ಪುಗಟ್ಟಬಹುದೆಂದು ಫ್ಲ್ಯಾಪ್ ಮಡಚಿಕೊಂಡೇ ಟ್ಯಾಕ್ಸಿ ಮಾಡಿ, ರನ್‌ವೇ ಸಮೀಪಿಸಿದಾಗ ಬಿಚ್ಚುತ್ತಾರೆ. ವಾಡಿಕೆಯ ಕ್ರಮ ಬದಲಾದ್ದರಿಂದ ಮರೆಯುವ ಅಪಾಯವೂ ಇದೆ, ಚೆಕ್‌ಲಿಸ್ಟನ್ನು ಆ ಜಾಗದಲ್ಲಿ ತಡೆದು ಇಟ್ಟುಕೊಳ್ಳುವುದು ಅದಕ್ಕೇ. ಉಷ್ಣಾಂಶ 10 ಡಿಗ್ರಿ ಅಥವಾ ಕಡಿಮೆಯಿದ್ದು ಹಿಮ, ಮಳೆ, ದಟ್ಟ ಮಂಜು ಇದ್ದರೆ ಎಂಜಿನ್‌ನಲ್ಲಿ ಹಿಮ ಕಟ್ಟದಂತೆ ಕಾಯುವ ಆಂಟಿ-ಐಸ್ ಹಾಕಲೇಬೇಕು.

ಇವನ್ನು ಬಿಟ್ಟರೆ ಏನಾಗುತ್ತದೆಂಬುದಕ್ಕೆ 1982ರ ಜನವರಿ 13ರ ವಾಷಿಂಗ್ಟನ್ ದುರಂತವಿದೆ. ಏರ್ ಫ್ಲಾರಿಡಾ 90 ವಿಮಾನವನ್ನು ಹಿಂದೆ ತಳ್ಳಲು ಬಂದ ಟಗ್ ಹಿಮದಲ್ಲಿ ಜಾರಿತು. ಪೈಲಟ್‌ಗಳು ಎಂಜಿನ್ ಗಾಳಿಯನ್ನು ಮುಂದಕ್ಕೆ ತಿರುಗಿಸುವ ರಿವರ್ಸ್ ಥ್ರಸ್ಟ್ ಹಾಕಿ ನೋಡಿದರು. ಹಾಗೆ ಮಾಡಿದರೆ ಹಿಮ ಮೇಲೆದ್ದು ರೆಕ್ಕೆಗೂ ಎಂಜಿನ್ ಬಾಯಿಗೂ ಬಡಿಯುತ್ತದೆ. ಸಾಲಿನಲ್ಲಿ ಮುಂದಿನ ವಿಮಾನದ ಬಿಸಿಗಾಳಿಗೆ ಹತ್ತಿರ ನಿಂತರು. ಆ ಶಾಖಕ್ಕೆ ಹಿಮ ಕರಗಿ, ರೆಕ್ಕೆಯ ಮೇಲೆ ಮತ್ತೆ ಹೆಪ್ಪುಗಟ್ಟುತ್ತದೆ. ಆಂಟಿ-ಐಸ್ ಹಾಕದ್ದರಿಂದ ಎಂಜಿನ್ ಒತ್ತಡ ಅಳೆಯುವ ಕೊಳವೆ ಮುಚ್ಚಿಹೋಗಿ ಎಂಜಿನ್ ಬಲದ ಮಾಪಕ 2.04 ತೋರಿಸಿತು, ನಿಜವಾದದ್ದು ಸುಮಾರು 1.70, ಅಂದರೆ ಬಲ ಕಾಣಿಸಿದ್ದಕ್ಕಿಂತ ಕಡಿಮೆ. ಡಿ-ಐಸಿಂಗ್ (ವಿಮಾನದ ಮೇಲಿನ ಹಿಮ ತೆಗೆಯುವ ಕೆಲಸ) ಆಗಿ ಮುಕ್ಕಾಲು ಗಂಟೆ ಕಳೆದ ಮೇಲೆ ಹಾರಿದ ವಿಮಾನ ಸೇತುವೆಗೆ ಬಡಿದು ಪೊಟೊಮ್ಯಾಕ್ ನದಿಗೆ ಬಿತ್ತು. 78 ಜನ ತೀರಿಕೊಂಡರು. ಮೂಲ ತಪ್ಪುಗಳಲ್ಲಿ ಹೆಚ್ಚಿನವು ನಡೆದದ್ದು ನೆಲದ ಮೇಲೇ.

ಸಾಲಿನಲ್ಲಿ ನಿಂತಾಗಲೂ ಎಚ್ಚರ ತಪ್ಪುವಂತಿಲ್ಲ. ಗಾಳಿಗೆ ಹಿಮ ಅಡ್ಡಡ್ಡ ತೇಲುವಾಗ ನಿಂತ ವಿಮಾನ ಚಲಿಸಿದಂತೆ ಕಾಣುತ್ತದೆ. ಪಾರ್ಕಿಂಗ್ ಬ್ರೇಕ್ ಹಾಕಿದ್ದರೂ ನಿಜಕ್ಕೇ ಜಾರುವುದೂ ಉಂಟು. ಹೊರಗೆ ಒಂದು ಕಂಬವನ್ನೋ ಕಟ್ಟಡವನ್ನೋ ಗುರುತಿಟ್ಟುಕೊಂಡು ನೋಡುತ್ತಿರಬೇಕು.

ನಮ್ಮ ದೇವನಹಳ್ಳಿಯಲ್ಲಿ ಹಿಮವಿಲ್ಲ, ಚಳಿಗಾಲದ ಬೆಳಗಿನ ಮಂಜಿದೆ. ಅಲ್ಲೂ ಗೋಚರತೆ ಅಳೆಯುವ ಉಪಕರಣಗಳಿರುವುದು ರನ್‌ವೇ ಪಕ್ಕದಲ್ಲಿ, ಟ್ಯಾಕ್ಸಿವೇಯಲ್ಲಿ ಪೈಲಟ್‌ಗೆ ಕಾಣುವುದು ಬೇರೆಯೇ ಇರಬಹುದು. ನಡುಗೆರೆಯ ಹಸಿರು ದೀಪ ಹಿಡಿದು ಸಾಗಬೇಕು, ಅಡ್ಡಸಾಲಿನ ಕೆಂಪು ದೀಪ ಉರಿಯುತ್ತಿದ್ದರೆ ದಾಟಕೂಡದು. ಎಲ್ಲಿದ್ದೇವೆಂಬ ಅನುಮಾನ ಬಂದೊಡನೆ ನಿಂತು ಕಂಟ್ರೋಲರ್‌ಗೆ ಹೇಳಬೇಕು. ಆದರೆ ರನ್‌ವೇ ಮೇಲೇ ಇದ್ದೇವೆಂದು ತಿಳಿದರೆ ನಿಲ್ಲದೆ ಮೊದಲು ಅದರಿಂದ ಹೊರಬರಬೇಕು.

ಸ್ಲಶ್ ತುಂಬಿದ ರನ್‌ವೇಗೆ ಇಳಿದಾಗ ಫ್ಲ್ಯಾಪ್ ಪೂರ್ತಿ ಮಡಚದೆಯೇ ನಿಲುಗಡೆಗೆ ಬರುತ್ತಾರೆ. ಸಂದಿಗಳಲ್ಲಿ ಮಂಜುಗಡ್ಡೆ ಸಿಕ್ಕಿಕೊಂಡಿಲ್ಲವೆಂದು ನೆಲದ ಸಿಬ್ಬಂದಿ ನೋಡಿ ಹೇಳಿದ ಮೇಲೆಯೇ ಮಡಚುವುದು.