ವಿಜಯಪುರದ ಬಿಸಿಲಿಗೆ ಬಂದ ಹಿಮದ ಟೈರು

ಏಪ್ರಿಲ್ ತಿಂಗಳು. ವಿಜಯಪುರದ ಸೋಲಾಪುರ ರಸ್ತೆಯಲ್ಲಿ ಪಂಕ್ಚರ್ ತೆಗೆಸಲು ನಿಂತಿದ್ದೆ. ಮಧ್ಯಾಹ್ನ ಎರಡು ಗಂಟೆ, 41 ಡಿಗ್ರಿ ಬಿಸಿಲು. ಅಂಗಡಿ ಮುಂದೆ ಸೆಕೆಂಡ್ ಹ್ಯಾಂಡ್ ಟೈರುಗಳ ರಾಶಿ. ಅದರಲ್ಲಿ ನನ್ನ ಕಾರಿನ ಅಳತೆಯದೇ ಒಂದು ಜೋಡಿ ಕಣ್ಣಿಗೆ ಬಿತ್ತು. ಮುಂಬೈ ಕಡೆಯಿಂದ ಬಂದ ಮಾಲು. ಟೈರಿನ ಪಕ್ಕೆಯ ಮೇಲೆ ಒಂದು ಸಣ್ಣ ಗುರುತು: ಮೂರು ಕೋಡಿನ ಗುಡ್ಡ, ಅದರೊಳಗೆ ಹಿಮದ ಹರಳು.

"ಇದೇನ್ರಿ?" ಎಂದೆ.

"ಕಂಪನಿ ಗುರ್ತ ಇರಬೇಕ್ರಿ ಸರ್. ಒತ್ತಿ ನೋಡ್ರಿ, ಎಷ್ಟ್ ಮೆತ್ತಗ ಐತಿ. ಗ್ರಿಪ್ ಭಾಳ ಛಲೋ ಕೊಡ್ತೈತಿ."

ಒತ್ತಿದೆ. ಹೆಬ್ಬೆರಳಿನ ಉಗುರು ಸಲೀಸಾಗಿ ಇಳಿಯಿತು. ಅವನ ಮಾತಿನಲ್ಲಿ ಅರ್ಧ ವಿಜ್ಞಾನ ಇತ್ತು. ಮೆತ್ತಗಿದ್ದರೆ ಹಿಡಿತ, ಸರಿ. ಆದರೆ ಎಷ್ಟು ಡಿಗ್ರಿಯಲ್ಲಿ ಮೆತ್ತಗೆ? ಉಳಿದರ್ಧ ಅಲ್ಲಿದೆ. 41 ಡಿಗ್ರಿ ಬಿಸಿಲಲ್ಲಿ ಬಿದ್ದ ಟೈರನ್ನು ಒತ್ತಿ ನೋಡಿದರೆ ಏನು ತಿಳಿದೀತು?

ಅದು ಚಳಿಗಾಲದ ಟೈರಿನ ಗುರುತು. ನನಗೆ ಗೊತ್ತಾಗಿದ್ದು ತಂಗಿಯ ಮಗನಿಂದ. ಹೋದ ನವೆಂಬರ್‌ನಲ್ಲಿ ಕೆನಡಾದ ಮಾಂಟ್ರಿಯಲ್‌ನಿಂದ ಫೋನ್ ಮಾಡಿದ್ದ. "ಮಾಮಾ, ಹೊಸಾ ಕಾರು, ಟೈರೂ ಹೊಸಾವು. ಆದ್ರೂ ಚಳಿಗಾಲಕ್ಕ ಇನ್ನೊಂದು ಸೆಟ್ ತಗೊ ಅಂತಾರ. ಸುಮ್ನೆ ರೊಕ್ಕಾ ಹೊಡ್ಯಾಕ ಹೇಳ್ತಾರೇನು?" ಹಾಗಲ್ಲ. ಅವನಿರುವ ಕ್ವಿಬೆಕ್ ಪ್ರಾಂತದಲ್ಲಿ ಡಿಸೆಂಬರ್ 1ರಿಂದ ಮಾರ್ಚ್ 15ರವರೆಗೆ ಚಳಿಗಾಲದ ಟೈರು ಕಾನೂನಿನಂತೆ ಕಡ್ಡಾಯ.

ಡಾಂಬರು ರಸ್ತೆ ನೋಡಲು ಸಪಾಟು, ಮುಟ್ಟಿದರೆ ತರಿತರಿ. ಮೆತ್ತನೆ ರಬ್ಬರ್ ಆ ತರಿಗಳ ನಡುವೆ ಇಳಿದು ಕಚ್ಚಿಕೊಳ್ಳುತ್ತದೆ, ಚಕ್ರ ಉರುಳಿದಂತೆ ಬಿಟ್ಟು ಮುಂದಿನ ತರಿ ಹಿಡಿಯುತ್ತದೆ. ರಬ್ಬರ್ ಬಿಗಿದುಕೊಂಡರೆ ತರಿಗಳ ತುದಿಯ ಮೇಲಷ್ಟೇ ಕೂತು ಜಾರುತ್ತದೆ.

ಯಾಕೆ ಬಿಗಿಯುತ್ತದೆ? ಶೇಂಗಾ ಚಿಕ್ಕಿ ಮಾಡುವುದನ್ನು ನೆನೆಸಿಕೊಳ್ಳಿ. ಬೆಲ್ಲದ ಪಾಕ ಬಿಸಿ ಇದ್ದಾಗ ಹೇಳಿದ ಹಾಗೆ ಕೇಳುತ್ತದೆ, ಲಟ್ಟಿಸಬಹುದು. ಆರಿದ ಮೇಲೆ ಲಟಕ್ಕನೆ ಮುರಿಯುತ್ತದೆ. ಮುರಿದ ಅಂಚು ಗಾಜಿನಂತೆ ಹೊಳೆಯುತ್ತದೆ, ಅಲ್ವಾ? ವಿಜ್ಞಾನಿಗಳೂ ಇದನ್ನು ಗಾಜಿನ ಸ್ಥಿತಿ ಎಂದೇ ಕರೆಯುತ್ತಾರೆ. ರಬ್ಬರಿನ ಉದ್ದುದ್ದ ಅಣುಸರಪಳಿಗಳು ಬಿಸಿಯಲ್ಲಿ ಹೊರಳಾಡುತ್ತವೆ, ಚಳಿಗೆ ಸೆಟೆದುಕೊಳ್ಳುತ್ತವೆ. ಮರದ ಹಾಲಿನ ರಬ್ಬರ್ ಪೂರ್ತಿ ಗಾಜಿನಂತಾಗುವುದು ಸೊನ್ನೆಗಿಂತ ಸುಮಾರು 70 ಡಿಗ್ರಿ ಕೆಳಗೆ. ಆದರೆ ಬಿಗಿಯುವುದು ಎಷ್ಟೋ ಮೊದಲೇ ಶುರುವಾಗುತ್ತದೆ. ಬೇಸಿಗೆ ಟೈರಿನ ಮಿಶ್ರಣಕ್ಕೆ ಸುಮಾರು 7 ಡಿಗ್ರಿಯೇ ಗಡಿ ಎಂಬುದು ಟೈರು ಮಾಡುವವರ ರೂಢಿ ಲೆಕ್ಕ. ಹಿಮ ಬೀಳಲೇಬೇಕು ಅಂತಿಲ್ಲ, ಚಳಿ ಇದ್ದರೆ ಸಾಕು.

1986ರ ಜನವರಿ 28ರಂದು ಅಮೆರಿಕದ ಚಾಲೆಂಜರ್ ಬಾಹ್ಯಾಕಾಶ ನೌಕೆ ಏಳು ಜನರೊಂದಿಗೆ ಆಕಾಶದಲ್ಲೇ ಒಡೆದುಹೋಯಿತು. ರಾಕೆಟ್ಟಿನ ರಬ್ಬರ್ ಬಳೆಗಳು ಆ ದಿನದ ಚಳಿಗೆ ಬಿಗಿದು, ಸಂದು ಮುಚ್ಚಲಾಗದೆ ಹೋಗಿದ್ದವು. ಭೌತವಿಜ್ಞಾನಿ ರಿಚರ್ಡ್ ಫೈನ್‌ಮನ್ ಅದೇ ರಬ್ಬರಿನ ತುಂಡನ್ನು ಕ್ಲ್ಯಾಂಪಿನಲ್ಲಿ ಅದುಮಿ, ಐಸ್ ನೀರಲ್ಲಿ ಅದ್ದಿ, ತನಿಖೆಯ ಸಭೆಯಲ್ಲಿ ಎಲ್ಲರೆದುರು ಬಿಚ್ಚಿ ತೋರಿಸಿದರು. ಅದುಮಿದ ರಬ್ಬರ್ ತಟ್ಟನೆ ಮೊದಲಿನ ಆಕಾರಕ್ಕೆ ಬರಲಿಲ್ಲ.

ನಾನೂ ಒಂದು ಹಳೆ ಟೈರಿನ ತುಂಡನ್ನು ಪ್ಲಾಸ್ಟಿಕ್ ಚೀಲದಲ್ಲಿ ಸುತ್ತಿ ರಾತ್ರಿಯಿಡೀ ಫ್ರೀಜರಿನಲ್ಲಿಟ್ಟಿದ್ದೆ. ಬೆಳಿಗ್ಗೆ ಉಗುರು ಇಳಿಯಲಿಲ್ಲ. ಬಟಾಣಿ ಪಾಕೀಟಿನ ಪಕ್ಕ ಟೈರು ಕಂಡು ಮನೆಯವರು ಅಂದದ್ದನ್ನು ಇಲ್ಲಿ ಬರೆಯುವುದು ಬೇಡ.

ಚಳಿಗಾಲದ ಟೈರಿಗೆ ಬಿಗಿಯದ ರಬ್ಬರ್ ಆರಿಸುತ್ತಾರೆ, ಜೊತೆಗೆ ಸಿಲಿಕಾ ಎಂಬ ಸಣ್ಣ ಪುಡಿ ಬೆರೆಸುತ್ತಾರೆ. ಅದರ ಬಟನ್‌ಗಳ, ಅಂದರೆ ನೆಲಕ್ಕೆ ತಾಗುವ ರಬ್ಬರ್ ಗಟ್ಟಿಗಳ ಮೇಲೆ ಬ್ಲೇಡಿನಿಂದ ಗೀರಿದಂಥ ನೂರಾರು ಅಂಕುಡೊಂಕು ಸೀಳು ಇರುತ್ತವೆ. ಒತ್ತಡ ಬಿದ್ದಾಗ ಸೀಳು ಬಾಯಿ ಬಿಟ್ಟು, ಪ್ರತಿ ಅಂಚೂ ಹಿಮ ಕೆರೆಯುತ್ತದೆ. ಅಗಲ ಕಾಲುವೆಗಳಲ್ಲಿ ಹಿಮ ತುಂಬಿಕೊಳ್ಳುತ್ತದೆ, ಇರಲಿ ಅಂತಲೇ ಹಾಗೆ ಮಾಡಿರುತ್ತಾರೆ. ಅದುಮಿದ ಹಿಮ ಉಂಡಿಯಂತೆ ಒಂದಕ್ಕೊಂದು ಅಂಟುತ್ತದೆ. ಟೈರಿನೊಳಗಿನ ಹಿಮ ನೆಲದ ಹಿಮವನ್ನು ಹಿಡಿಯುತ್ತದೆ. ಗಟ್ಟಿ ಮಂಜುಗಡ್ಡೆಯ ಮೇಲೆ ಮಾತ್ರ ಯಾವ ಟೈರಿದ್ದರೂ ಹುಷಾರಾಗಿರಬೇಕು. ವಿಚಿತ್ರವೆಂದರೆ ಮೈನಸ್ 25ರ ಮಂಜುಗಡ್ಡೆಗಿಂತ ಸೊನ್ನೆಯ ಹತ್ತಿರದ್ದು ಜಾಸ್ತಿ ಜಾರುತ್ತದೆ. ಮೇಲೆ ತೆಳು ನೀರಿನ ಪದರ ಇರುತ್ತದಲ್ಲ.

ಅಳಿಯನಿಗೆ ನಾನು ಹೇಳಿದ್ದು ಇಷ್ಟು. 'ಎಂ+ಎಸ್' (ಮಡ್, ಸ್ನೋ; ಅಂದರೆ ಕೆಸರು, ಹಿಮ) ಅಂತ ಅಕ್ಷರ ಇದ್ದರೆ ನಂಬಬೇಡ, ಅದನ್ನು ಯಾವ ಪರೀಕ್ಷೆಯೂ ಇಲ್ಲದೆ ಹಾಕಬಹುದು. ಗುಡ್ಡ-ಹರಳಿನ ಗುರುತು ನೋಡು. ಅದು ಬೇಕಾದರೆ ಹಿಮದ ಮೇಲೆ ಎಳೆತದ ಪರೀಕ್ಷೆಯಲ್ಲಿ ಮಾದರಿ ಟೈರಿಗಿಂತ ಕನಿಷ್ಠ ಶೇ. 10ರಷ್ಟು ಮುಂದಿರಬೇಕು. ನಾಲ್ಕೂ ಚಕ್ರಕ್ಕೆ ಹಾಕು. ದುಡ್ಡು ಉಳಿಸಲು ಮುಂದಿನ ಎರಡಕ್ಕಷ್ಟೇ ಹಾಕಿದರೆ ಮುಂದಿನವು ಹಿಡಿಯುತ್ತವೆ, ಹಿಂದಿನವು ಜಾರುತ್ತವೆ, ತಿರುವಿನಲ್ಲಿ ಕಾರಿನ ಬಾಲವೇ ಮುಂದೆ ಬರುತ್ತದೆ. ಗಾಳಿ ಆಗಾಗ ನೋಡು. ಐದಾರು ಡಿಗ್ರಿ ಚಳಿ ಏರಿದರೆ ಸುಮಾರು ಒಂದು ಪಿಎಸ್‌ಐ ಇಳಿಯುತ್ತದೆ. 20 ಡಿಗ್ರಿಯ ಗ್ಯಾರೇಜಿನಲ್ಲಿ 33 ತುಂಬಿಸಿ ಮೈನಸ್ 15ರಲ್ಲಿ ಹೊರಗೆ ನಿಲ್ಲಿಸಿದರೆ 27ರ ಹತ್ತಿರ ಬಂದಿರುತ್ತದೆ.

ಅವನು ಬೇರೆ ಉಕ್ಕಿನ ರಿಮ್ಮುಗಳ ಸಮೇತ ನಾಲ್ಕು ತಗೊಂಡ. ಬೇಸಿಗೆಯವು ಮನೆಯ ತಳಮಹಡಿಯಲ್ಲಿ ನಿದ್ದೆ ಮಾಡಿದವು.

ಈಗ ಸೋಲಾಪುರ ರಸ್ತೆಯ ಆ ಜೋಡಿಗೆ ಬನ್ನಿ. ಗಾಳಿಯೇ 41 ಡಿಗ್ರಿ ಇದ್ದಾಗ ಕರಿ ಡಾಂಬರು ಇನ್ನೂ ಎಷ್ಟೋ ಜಾಸ್ತಿ ಕಾದಿರುತ್ತದೆ, ಬರಿಗಾಲಲ್ಲಿ ನಿಲ್ಲಲಾಗದಷ್ಟು. ಚಳಿಗೆಂದೇ ಮೆತ್ತಗೆ ಮಾಡಿದ ರಬ್ಬರ್ ಇಲ್ಲಿ ಅತಿ ಮೆತ್ತಗಾಗುತ್ತದೆ. ಸೀಳು ಬಿದ್ದ ಬಟನ್‌ಗಳು ಬ್ರೇಕ್ ಒತ್ತಿದಾಗ ಮಗ್ಗುಲಿಗೆ ವಾಲಾಡುತ್ತವೆ. ಆ ವಾಲಾಟದಿಂದ ಮತ್ತಷ್ಟು ಕಾಯುತ್ತವೆ, ಬೇಗ ಸವೆಯುತ್ತವೆ. ಒಣ ರಸ್ತೆಯಲ್ಲಿ ಕಾರು ನಿಲ್ಲಲು ಜಾಸ್ತಿ ದೂರ ಬೇಕಾಗುತ್ತದೆ. ನಮ್ಮ ಡಿಸೆಂಬರ್ ಬೆಳಗಿನಲ್ಲಿ ಸ್ವೆಟರ್ ಬೇಕು ನಿಜ, ಆದರೆ ಹತ್ತು ಗಂಟೆಗೆಲ್ಲ ಅದು ಹೆಗಲ ಮೇಲೆ ಬಂದಿರುತ್ತದೆ. ಅಷ್ಟಕ್ಕೆ ಟೈರು ಬದಲಿಸಬೇಕಿಲ್ಲ. ಪಕ್ಕೆಯ ಮೇಲೆ 3817 ಅಂತಲೂ ಇತ್ತು, ಅಂದರೆ 2017ರ 38ನೇ ವಾರದ ಮಾಲು. ಬೇಡ ಅಂದೆ.

ಹದಿನೈದು ದಿನ ಬಿಟ್ಟು ಹೋದಾಗ ಆ ಜೋಡಿ ಇರಲಿಲ್ಲ. ಯಾರು ಒಯ್ದರು ಅಂತ ಕೇಳಿದೆ.

"ಹಳ್ಳಿ ಕಡೆಯವ್ರು ಚಕ್ಕಡಿಗಿ ಹಾಕ್ಕೊಂಡ್ ಹೋದ್ರ್ರೀ. ಎತ್ತಿಗಿ ಹಗೂರ ಆಕ್ಕೈತಿ ಅಂದ್ರು."

ಎತ್ತಿನ ನಡಿಗೆಯ ವೇಗದಲ್ಲಿ ಬಟನ್ ವಾಲಾಡಿ ಕಾಯುವ ಪ್ರಶ್ನೆಯೇ ಇಲ್ಲ. ಬ್ರೇಕ್ ಒತ್ತುವ ಪ್ರಶ್ನೆಯೂ ಇಲ್ಲ.