ಗವರ್ನರ್ ಹೆಸರಿನ ವಕೀಲ ಸಂಸ್ಥೆ ಮುಳುಗಿದ್ದು ಹೇಗೆ?

ವಿದೇಶಿ ವಕೀಲ ಸಂಸ್ಥೆಗಳು ಭಾರತಕ್ಕೆ ಬರಬಹುದೇ ಎಂಬ ಜಗಳ ಮೂವತ್ತು ವರ್ಷ ಎಳೆಯಿತು. ಬಾಂಬೆ ಹೈಕೋರ್ಟ್ 2009ರಲ್ಲಿ ಬೇಡ ಎಂದಿತು. ಮದ್ರಾಸ್ ಹೈಕೋರ್ಟ್ 2012ರಲ್ಲಿ ಸ್ವಲ್ಪ ಬಾಗಿಲು ತೆರೆಯಿತು. 2018ರಲ್ಲಿ ಸುಪ್ರೀಂ ಕೋರ್ಟ್ ಗಡಿ ಹಾಕಿತು. ವಕೀಲರ ವೃತ್ತಿ ನಿಯಂತ್ರಿಸುವ ಬಾರ್ ಕೌನ್ಸಿಲ್ 2023ರಲ್ಲಿ ನಿಯಮ ತಂದು, 2025ರ ಮೇ ತಿಂಗಳಲ್ಲಿ ತಿದ್ದಿತು. ಈಗ ವಿದೇಶಿ ಕಾನೂನಿನ ಬಗ್ಗೆ ಸಲಹೆ ಕೊಡಬಹುದು, ನಮ್ಮ ಕೋರ್ಟಿನಲ್ಲಿ ವಾದಿಸುವಂತಿಲ್ಲ. ಮಂಗಳೂರಿನಲ್ಲೋ ಬೆಂಗಳೂರಿನಲ್ಲೋ ಕಾನೂನು ಓದುವ ಕಾಸರಗೋಡಿನ ಮಕ್ಕಳಿಗೆ ಇದು ಸಣ್ಣ ಸುದ್ದಿ ಅಲ್ಲ. ಹಾಗಾಗಿ ಅಂಥ ಸಂಸ್ಥೆ ಒಳಗಿನಿಂದ ಹೇಗಿರುತ್ತದೆ, ಹೇಗೆ ಬೀಳುತ್ತದೆ ಎಂದು ನೋಡುವುದು ಒಳ್ಳೆಯದು. ಬಿದ್ದವುಗಳಲ್ಲಿ ಎಲ್ಲಕ್ಕಿಂತ ದೊಡ್ಡದು ನ್ಯೂಯಾರ್ಕಿನ ಡ್ಯೂಯಿ ಅಂಡ್ ಲೆಬಫ್.

ನಮ್ಮ ಕಡೆ ವಕೀಲರ ಆಫೀಸು ಅಂದರೆ ಒಬ್ಬ ಸೀನಿಯರ್, ಒಂದಿಬ್ಬರು ಜೂನಿಯರ್, ಎಲ್ಲ ಫೈಲ್ ಎಲ್ಲಿದೆ ಎಂದು ಗೊತ್ತಿರುವ ಗುಮಾಸ್ತ. ವಕೀಲಿ ಮತ್ತು ರಾಜಕೀಯ ಒಟ್ಟಿಗೆ ನಡೆದದ್ದು ನಮಗೆ ಹೊಸತಲ್ಲ. ಮಂಜೇಶ್ವರದ ಶಾಸಕರಾಗಿದ್ದ ಕಳ್ಳಿಗೆ ಮಹಾಬಲ ಭಂಡಾರಿ ವಕೀಲರೇ. ಚಂದ್ರಗಿರಿ ಹೊಳೆಯ ಉತ್ತರದ ಭಾಗ ಮೈಸೂರು ರಾಜ್ಯಕ್ಕೆ ಸೇರಬೇಕು ಎಂದು 1967ರಲ್ಲಿ ಮಹಾಜನ್ ವರದಿ ಹೇಳುವವರೆಗೂ, ಆಮೇಲೂ, ಕಾಸರಗೋಡಿನ ವಿಲೀನ ಹೋರಾಟದಲ್ಲಿ ಕರಿಕೋಟುಗಳು ಕಾಣುತ್ತಿದ್ದವು. ಆದರೆ ಒಬ್ಬ ರಾಜಕಾರಣಿಯ ಹೆಸರನ್ನು ಬೋರ್ಡಿಗೆ ಹಾಕಿ, ಅವರು ತೀರಿಕೊಂಡ ಎಷ್ಟೋ ವರ್ಷದ ಮೇಲೂ ಅದನ್ನೇ ಬಂಡವಾಳ ಮಾಡಿಕೊಳ್ಳುವ ವ್ಯಾಪಾರ ನಮ್ಮ ಊರಿನದಲ್ಲ.

ಡ್ಯೂಯಿ ಹೆಸರಿನ ಆ ಸಂಸ್ಥೆ ಶುರುವಾದದ್ದು 1909ರಲ್ಲಿ, ಹಾರ್ವರ್ಡ್‌ನಲ್ಲಿ ಓದಿದ ಗೆಳೆಯರಿಂದ. ಅವರಲ್ಲಿ ಒಬ್ಬರ ತಂದೆ ಎಲಿಹು ರೂಟ್. ಅಮೆರಿಕದ ವಿದೇಶಾಂಗ ಕಾರ್ಯದರ್ಶಿಯಾಗಿ, ಸೆನೆಟರ್ ಆಗಿ, ನೊಬೆಲ್ ಶಾಂತಿ ಬಹುಮಾನವನ್ನೂ ಪಡೆದವರು. ಅಂದರೆ ರಾಜಕೀಯದ ನಂಟು ತೊಟ್ಟಿಲಿನಲ್ಲೇ ಇತ್ತು. 1955ರಲ್ಲಿ ಥಾಮಸ್ ಡ್ಯೂಯಿ ಬಂದು ಸೇರಿದರು. (ಅಂಬೇಡ್ಕರ್ ಅವರ ಗುರು ಜಾನ್ ಡ್ಯೂಯಿ ಬೇರೆ, ಇವರು ಬೇರೆ.) ಇವರು ಮಾಫಿಯಾ ನಾಯಕ ಲಕಿ ಲೂಸಿಯಾನೋಗೆ 1936ರಲ್ಲಿ ಶಿಕ್ಷೆ ಕೊಡಿಸಿದ ಪ್ರಾಸಿಕ್ಯೂಟರ್. ಮೂರು ಅವಧಿಗೆ ನ್ಯೂಯಾರ್ಕಿನ ಗವರ್ನರ್. ಅಲ್ಲಿ ಗವರ್ನರ್ ಎಂದರೆ ನಮ್ಮ ಮುಖ್ಯಮಂತ್ರಿಯ ಹಾಗೆ, ಚುನಾವಣೆಯಲ್ಲಿ ಗೆದ್ದು ಬರುವವರು. ಅಧ್ಯಕ್ಷ ಚುನಾವಣೆಗೆ ನಿಂತು 1944ರಲ್ಲಿ ರೂಸ್‌ವೆಲ್ಟ್ ಎದುರು, 1948ರಲ್ಲಿ ಟ್ರೂಮನ್ ಎದುರು ಸೋತರು. ಎರಡನೇ ಸಲ ಎಣಿಕೆ ಮುಗಿಯುವ ಮೊದಲೇ ಶಿಕಾಗೋದ ಪತ್ರಿಕೆಯೊಂದು ಡ್ಯೂಯಿ ಗೆದ್ದರು ಎಂದು ಮುಖಪುಟದಲ್ಲಿ ಅಚ್ಚು ಹಾಕಿತು. ಗೆದ್ದ ಟ್ರೂಮನ್ ಆ ಪತ್ರಿಕೆ ಎತ್ತಿ ಹಿಡಿದು ನಗುತ್ತಿರುವ ಫೋಟೋ ಈಗಲೂ ಓಡಾಡುತ್ತದೆ, ಅಲ್ವಾ?

ಡ್ಯೂಯಿ 1971ರಲ್ಲಿ ತೀರಿಕೊಂಡರು. ಬೋರ್ಡಿನಲ್ಲಿ ಹೆಸರು ಉಳಿಯಿತು. ಆಮೇಲಿನ ಮೂರೂವರೆ ದಶಕದಲ್ಲಿ ಹಳೆ ಗೌರವ ಇತ್ತು, ಹೊಸ ಕಕ್ಷಿಗಾರರು ಅಷ್ಟೊಂದು ಬರುತ್ತಿರಲಿಲ್ಲ.

ನಿಜವಾದ ಕಥೆ ಶುರುವಾಗುವುದು 2007ರ ಅಕ್ಟೋಬರಿನಲ್ಲಿ. ವಿಮೆ ಮತ್ತು ವಿದ್ಯುತ್ ಕಂಪೆನಿಗಳ ಕೆಲಸದಲ್ಲಿ ಬೆಳೆದಿದ್ದ ಲೆಬಫ್ ಲ್ಯಾಂಬ್ ಎಂಬ ಸಂಸ್ಥೆ ಡ್ಯೂಯಿ ಜೊತೆ ಒಂದಾಯಿತು. ಒಂದು ಕಡೆ ಹೆಸರು, ಇನ್ನೊಂದು ಕಡೆ ದುಡ್ಡು. ಒಟ್ಟು ಸುಮಾರು 1,300 ವಕೀಲರು. ಮರುವರ್ಷವೇ ಅಮೆರಿಕದ ಹಣಕಾಸು ಕುಸಿತ.

ಇಲ್ಲಿ ಒಂದು ವಿಷಯ ಅರ್ಥ ಮಾಡಿಕೊಳ್ಳಬೇಕು. ಪಾಲುದಾರಿಕೆಯಲ್ಲಿ ಸಂಬಳ ಇರುವುದಿಲ್ಲ, ಪಾಲು ಇರುತ್ತದೆ. ವರ್ಷದ ಕೊನೆಗೆ ಲಾಭ ಬಂದರೆ ಹಂಚಿಕೊಳ್ಳುವುದು, ಬಾರದಿದ್ದರೆ ಸುಮ್ನೆ ಇರುವುದು. ಡ್ಯೂಯಿಯಲ್ಲಿ ಹೀಗಾಗಲಿಲ್ಲ. ದೊಡ್ಡ ಕಕ್ಷಿಗಾರರನ್ನು ತರುವ ವಕೀಲರಿಗೆ, ಲಾಭ ಬರಲಿ ಬಿಡಲಿ, ವರ್ಷಕ್ಕೆ ಇಷ್ಟು ಎಂದು ಕೆಲವು ವರ್ಷಗಳ ಮಟ್ಟಿಗೆ ಗ್ಯಾರಂಟಿ ಬರೆದುಕೊಟ್ಟರು. ಹೊರಗಿನಿಂದ ಬಂದವರಿಗೆ ಕೊಟ್ಟರೆ ಒಳಗಿದ್ದವರು ಬಿಡುತ್ತಾರೆಯೇ? ಅವರಿಗೂ ಕೊಟ್ಟರು. ಹಣ ಸಾಕಾಗದ ವರ್ಷ ಬಾಕಿಯನ್ನು ಮುಂದಿನ ವರ್ಷಕ್ಕೆ ತಳ್ಳಿದರು. ಲೈಸೆನ್ಸ್ ಇಲ್ಲದ ಚಿಟ್ಟಿಯಲ್ಲಿ ಹೊಸಬರ ಕಂತಿನಿಂದ ಹಳಬರ ಬಾಕಿ ತೀರಿಸಿದ ಹಾಗೆ ಆಯಿತು. ಗ್ಯಾರಂಟಿ ಇಲ್ಲದ ಸಾಮಾನ್ಯ ಪಾಲುದಾರರಿಗೆ ಇದು ಎಷ್ಟು ಜನರಿಗೆ ಸಿಕ್ಕಿದೆ ಎಂಬುದೇ ಸರಿಯಾಗಿ ಗೊತ್ತಿರಲಿಲ್ಲ. ನನ್ನನ್ನು ಕೇಳಿದರೆ, ಸಂಸ್ಥೆ ಸತ್ತದ್ದು ಈ ಗುಟ್ಟಿನಿಂದ. ಆರ್ಥಿಕ ಕುಸಿತ ಬೇರೆ ಸಂಸ್ಥೆಗಳಿಗೂ ಬಡಿದಿತ್ತು.

ಬ್ಯಾಂಕ್ ಸಾಲಕ್ಕೆ ಒಂದು ಷರತ್ತು ಇತ್ತು: ವರ್ಷದ ಕೊನೆಗೆ ಕೈಯಲ್ಲಿ ಇಷ್ಟು ಹಣದ ಹರಿವು ಕಾಣಬೇಕು. 2008ರ ಕೊನೆಗೆ ಅದು ಕಾಣದಿದ್ದಾಗ ಲೆಕ್ಕವನ್ನು ತಿದ್ದಿ ಕಾಣಿಸಿದರು ಎಂಬುದು ಮುಂದೆ ಪ್ರಾಸಿಕ್ಯೂಷನ್ ಮಂಡಿಸಿದ ವಾದ. 2010ರಲ್ಲಿ ಸಂಸ್ಥೆ ವಿಮಾ ಕಂಪೆನಿಗಳಿಗೆ 15 ಕೋಟಿ ಡಾಲರ್ ಬಾಂಡ್, ಅಂದರೆ ಸಾಲಪತ್ರ, ಮಾರಿತು. ವಕೀಲರ ಆಫೀಸು ಬಾಂಡ್ ಮಾರುವುದು! ಆಗಲೇ ಯಾರಾದರೂ ಹುಬ್ಬೇರಿಸಬೇಕಿತ್ತು.

2012ರ ಮೊದಲ ತಿಂಗಳುಗಳಲ್ಲಿ ಬಾಕಿ ಸಿಗುವುದಿಲ್ಲ ಎಂಬ ಗುಸುಗುಸು ಹಬ್ಬಿತು. ಪಾಲುದಾರರು ತಂಡತಂಡವಾಗಿ ಬೇರೆ ಸಂಸ್ಥೆಗಳಿಗೆ ಹೋದರು. ಹೋಗುವಾಗ ಕಕ್ಷಿಗಾರರೂ ಜೊತೆಗೆ ಹೋದರು. ಕಾರ್ಖಾನೆ ಮುಚ್ಚಿದರೆ ಯಂತ್ರವಾದರೂ ಉಳಿಯುತ್ತದೆ. ವಕೀಲ ಸಂಸ್ಥೆಯಲ್ಲಿ ಉಳಿಯುವುದು ಮೇಜು, ಕುರ್ಚಿ, ವಸೂಲಾಗದ ಬಿಲ್ಲು. ಮೇ 28ರಂದು ದಿವಾಳಿ ಅರ್ಜಿ ಸಲ್ಲಿಕೆಯಾಯಿತು.

ಆಮೇಲಿನದ್ದು ಬೇಗ ಹೇಳಬಹುದು. ಹಳೆಯ ಪಾಲುದಾರರಲ್ಲಿ ಹೆಚ್ಚಿನವರು ತಾವು ಪಡೆದದ್ದರಲ್ಲಿ ಒಂದು ಭಾಗ ವಾಪಸ್ ಕೊಟ್ಟು, ಮುಂದೆ ಕೇಸು ಬೀಳದ ಹಾಗೆ ರಾಜಿ ಮಾಡಿಕೊಂಡರು. ಒಟ್ಟು 7 ಕೋಟಿ ಡಾಲರಿಗೂ ಹೆಚ್ಚು. 2014ರಲ್ಲಿ ಕ್ರಿಮಿನಲ್ ಆರೋಪ ಬಂತು. ಏಳು ಮಂದಿ ಮಾಜಿ ನೌಕರರು ತಪ್ಪೊಪ್ಪಿಕೊಂಡರು. ಮೇಲಿನ ಹುದ್ದೆಯಲ್ಲಿದ್ದ ಮೂವರ ವಿಚಾರಣೆಯಲ್ಲಿ ಜ್ಯೂರಿ (ತೀರ್ಪು ಕೊಡುವ ಸಾಮಾನ್ಯ ನಾಗರಿಕರ ತಂಡ) 20 ದಿನಕ್ಕೂ ಹೆಚ್ಚು ಚರ್ಚಿಸಿಯೂ ಮುಖ್ಯ ಆರೋಪಗಳ ಮೇಲೆ ಒಮ್ಮತಕ್ಕೆ ಬರಲಿಲ್ಲ. ಮುಖ್ಯಸ್ಥರ ಜೊತೆ 2016ರಲ್ಲಿ ಒಪ್ಪಂದವಾಯಿತು, ಮತ್ತೆ ವಿಚಾರಣೆ ಇಲ್ಲ. 2017ರ ಮರುವಿಚಾರಣೆಯಲ್ಲಿ ಒಬ್ಬ ಅಧಿಕಾರಿ ಬಿಡುಗಡೆಯಾದರು. ಹಣಕಾಸು ನೋಡಿಕೊಳ್ಳುತ್ತಿದ್ದವರು ತಪ್ಪಿತಸ್ಥರಾದರು. ಅವರಿಗೂ ಜೈಲಿಲ್ಲ, ಹತ್ತು ಲಕ್ಷ ಡಾಲರ್ ದಂಡ, ಸಮಾಜಸೇವೆ.

ಪಾಲುದಾರರಿಗೆ ಹೊಸ ಆಫೀಸು, ಹೊಸ ಬೋರ್ಡು ಸಿಕ್ಕಿತು. ಕಾರ್ಯದರ್ಶಿಗಳು, ಗುಮಾಸ್ತರು, ಟಪಾಲು ವಿಭಾಗದವರಿಗೆ ಕೆಲಸ ಹೋಗುವ ಮುನ್ಸೂಚನೆ ಸಿಕ್ಕಿದ್ದು ಕೊನೆಯ ಗಳಿಗೆಯಲ್ಲಿ. ಅವರ ಪಿಂಚಣಿ ನಿಧಿಯಲ್ಲಿ ಸಾಕಷ್ಟು ಹಣ ಇರಲಿಲ್ಲ. ಸುಮಾರು 1,800 ಜನರ ಆ ಹೊಣೆಯನ್ನು ಕೊನೆಗೆ ಅಮೆರಿಕ ಸರ್ಕಾರದ ಪಿಂಚಣಿ ವಿಮಾ ನಿಗಮ ಹೊತ್ತುಕೊಂಡಿತು.